ಹೋಗುವ ಹಲ್ಲಿಗೊಂದು ಹರಳು

ಅಕ್ಕ ತಂಗಿಯ ಅಂಗಡಿಯೊಳಗೆ ಬಂದವಳೇ ಬಾಗಿಲಿನ ಫಲಕವನ್ನು 'ಮುಚ್ಚಿದೆ' ಎಂದು ತಿರುಗಿಸಿ, ಗಿರಾಕಿಗಳ ಕುರ್ಚಿಯಲ್ಲಿ ಒರಗಿದಳು. ಬಾಯಿಗೆ ಕಟ್ಟಿದ್ದ ಸ್ಕಾರ್ಫನ್ನು ಮಾತ್ರ ಬಿಚ್ಚಲಿಲ್ಲ.

"ಎಡಗಡೆ ಕೋರೆಹಲ್ಲಿಗೆ ಹಾಕು. ಬಿಳೀದು. ಬಣ್ಣದ್ದು ಬೇಡ."

ಕೈಗವಸು ಹಾಕಿಕೊಳ್ಳುತ್ತಿದ್ದ ತಂಗಿ ಅರ್ಧಕ್ಕೇ ನಿಂತಳು. ಹಲ್ಲಿಗೆ ಹರಳು ಅಂಟಿಸುವುದೇ ಅವಳ ಹೊಟ್ಟೆಪಾಡು. ಮದುವೆಗೆ ತಯಾರಾದ ಹುಡುಗಿಯರು, ಪಂದ್ಯ ಗೆದ್ದವರು, ಸುಮ್ಮನೆ ಶೋಕಿಯವರು ಬರುತ್ತಿದ್ದರು. ಇಂಥ ಗಿರಾಕಿ ಬಂದದ್ದಿಲ್ಲ. ನಾಳೆ ಬೆಳಿಗ್ಗೆ ಅಕ್ಕನಿಗೆ ಆಪರೇಷನ್. ಎಡಗಡೆಯ ಮೇಲ್ದವಡೆಯಲ್ಲಿ ಕೂತ ಗಡ್ಡೆಯನ್ನು ಹಲ್ಲುಗಳ ಸಮೇತ ತೆಗೆಯುತ್ತಾರೆ. ಆ ಕೋರೆಹಲ್ಲೂ ಅದರ ಜೊತೆ ಹೋಗುತ್ತದೆ.

"ನಾಳೆ ಹೋಗೋ ಹಲ್ಲಿಗೆ ಹರಳು ಯಾಕಕ್ಕ?"

"ಇಷ್ಟು ವರ್ಷ ದುಡಿದಿದೆ. ಬರಿಮೈಯಲ್ಲಿ ಕಳಿಸೋದಾ? ಡಾಕ್ಟರನ್ನ ಕೇಳಿದೀನಿ. ಲೋಹದ್ದು ಬೇಡ, ಗಾಜಿಂದಾದ್ರೆ, ಗಟ್ಟಿಯಾಗಿ ಕೂತಿದ್ರೆ ಪರವಾಗಿಲ್ಲ ಅಂದ್ರು. ಹೆಂಗಸಿಗೆ ತಲೆ ಕೆಟ್ಟಿದೆ ಅಂದ್ಕೊಂಡಿರ್ತಾರೆ ಪಾಪ."

ಅಕ್ಕ ಬಸ್ ಕಂಡಕ್ಟರ್. ಹಿಂದಿನ ಸೀಟಿನ ಹತ್ತಿರ ಅವಳು ನಕ್ಕರೆ ಡ್ರೈವರ್ ತಿರುಗಿ ನೋಡಬೇಕು, ಅಂಥ ನಗು. ಗಡ್ಡೆಯ ಸುದ್ದಿ ಬಂದ ಮೇಲೆ ಅದು ನಿಂತಿತ್ತು. ಮನೆಯಲ್ಲೂ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದಳು. ಡಿಪೋದಲ್ಲಿ ಜನರ ಕಣ್ಣಿಗೆ ಬೀಳದ ಕೆಲಸ ಕೇಳಿದ್ದಳು. "ಇನ್ನು ಯಾರ ಮುಂದೂ ಬಾಯಿ ಬಿಡಲ್ಲ," ಎಂದು ಒಂದು ಹನಿ ಕಣ್ಣೀರೂ ಇಲ್ಲದೆ ಅಂದಿದ್ದಳು. ತಂಗಿಗೆ ಆಪರೇಷನ್ನಿಗಿಂತ ಆ ಮಾತಿನದೇ ಭಯವಾಗಿತ್ತು.

ಸ್ಕಾರ್ಫ್ ಬಿಚ್ಚಿಸಿ, ತುಟಿ ಹಿಗ್ಗಿಸುವ ಕ್ಲಿಪ್ ಹಾಕಿದಳು. ಅದು ಬಾಯಲ್ಲಿದ್ದರೆ ಎಂಥ ಬಾಯಿಬಡುಕಿಯೂ ಮೂಕಿ. ಎದುರು ಕೂತವರ ಎಡ ನಮ್ಮ ಬಲ. ಈ ಕಸುಬಿನ ಮೊದಲ ಪಾಠವೇ ಅದು. ಹೊಸಬರು ಮಾತ್ರ ಅದರಲ್ಲಿ ಎಡವುತ್ತಾರೆ. ತಂಗಿ ಎಡವಲಿಲ್ಲ. ಗೊತ್ತಿದ್ದೇ, ಅಕ್ಕನ ಬಲಗಡೆಯ ಕೋರೆಹಲ್ಲಿಗೆ ಹತ್ತಿ ಒತ್ತಿ, ಅಂಟು ಹಿಡಿಯಲೆಂದು ಹಚ್ಚುವ ನೀಲಿ ಜೆಲ್ ಸವರಿದಳು.

ಅಕ್ಕನ ಕಣ್ಣುಗಳು ಅಗಲವಾದವು. ಗಂಟಲಲ್ಲೇ "ಆಂ, ಆಂ" ಎಂದಳು.

"ಅಲ್ಲಾಡಬೇಡ. ಒದ್ದೆಯಾದ್ರೆ ಮತ್ತೆ ಮೊದಲಿಂದ ಮಾಡ್ಬೇಕು."

ಜೆಲ್ ತೊಳೆದು, ಗಾಳಿ ಊದಿ ಹಲ್ಲು ಒಣಗಿಸಿದಳು. ಅಂಟಿನ ಮೇಲೆ ಹರಳು ಕೂರಿಸಿ, ಅಂಟು ಗಟ್ಟಿಯಾಗಲು ದೀಪ ಹಿಡಿದಳು. ಆಮೇಲೆ ಚಿಮಟದ ತುದಿಯಿಂದ ಹರಳನ್ನು ತಳ್ಳಿ ನೋಡಿದಳು, ಅದು ಕದಲಲಿಲ್ಲ. ಕ್ಲಿಪ್ ತೆಗೆದು ಕನ್ನಡಿ ಕೊಟ್ಟಳು.

ಅಕ್ಕ ಬಹಳ ಹೊತ್ತು ನೋಡಿದಳು.

"ಇದು ಬಲ."

"ಎದುರಿಗೆ ಕೂತಾಗ ತಿರುವುಮುರುವಾಯ್ತು."

"ಸುಳ್ಳು ಹೇಳೋವಾಗ ನಿನ್ನ ಕಿವಿ ಕೆಂಪಾಗುತ್ತೆ ಕಣೇ. ಚಿಕ್ಕವಳಿದ್ದಾಗಿಂದ."

ತಂಗಿ ತಲೆ ತಗ್ಗಿಸಿದಳು. "ಇದು ಉಳಿಯೋ ಹಲ್ಲು, ಅಕ್ಕ. ಇದನ್ನ ತೋರಿಸೋಕಾದ್ರೂ ನೀನು ಬಾಯಿ ಬಿಡ್ಬೇಕು."

ಅಕ್ಕ ಕನ್ನಡಿಯನ್ನು ಮಗುಚಿಟ್ಟಳು. ತಂಗಿ ಹರಳು ಕೀಳುವ ಸಲಕರಣೆ ಎತ್ತಿಕೊಂಡಳು. "ಬೇಡ ಅಂದ್ರೆ ತೆಗೀತೀನಿ."

ಅಕ್ಕನ ನಾಲಿಗೆ ತುಟಿಯ ಮರೆಯಲ್ಲಿ ಹರಳನ್ನು ತಡವಿತು. ಇನ್ನೊಮ್ಮೆ ತಡವಿತು. ಅವಳು ತಂಗಿಯ ಕೈಯನ್ನು ಪಕ್ಕಕ್ಕೆ ಸರಿಸಿದಳು.

"ಇರಲಿ ಅದು. ಆದ್ರೆ ನಾ ಹೇಳಿದ್ದೂ ಆಗ್ಬೇಕು. ಈ ಹಲ್ಲುಗಳೂ ಅಕ್ಕತಂಗೀರೇ, ಒಬ್ಬಳು ಹೋಗೋಳು, ಒಬ್ಬಳು ಇರೋಳು. ಇಬ್ಬರಿಗೂ ಒಂದೇ ಥರದ್ದು ಹಾಕು. ನನಗೊಂದು ಥರ, ಅವಳಿಗೊಂದು ಥರ ಅಂತ ಆಮೇಲೆ ಜಗಳ ಬೇಡ."

ತಂಗಿ ಪೆಟ್ಟಿಗೆಯಲ್ಲಿ ಅದೇ ಅಳತೆಯ, ಅದೇ ಹೊಳಪಿನ ಹರಳು ಹುಡುಕಿ ಚಿಮಟದಲ್ಲಿ ಹಿಡಿದು ತಿರುಗಿದಳು. ಕ್ಲಿಪ್ ಇನ್ನೂ ಮೇಜಿನ ಮೇಲೇ ಇತ್ತು. ಅಕ್ಕ ಆಗಲೇ, ತಾನಾಗೇ, ದೀಪದ ಬೆಳಕಿಗೆ ಬಾಯಿ ತೆರೆದು ಕೂತಿದ್ದಳು.