ಸುನಿಲ್ದಾ ತನ್ನ ಬಾಯಿ ತಿದ್ದಿದ್ದು

ನಿಮಿಯಾ ಫೋನ್ ಮಾಡಿ ಕೇಳಿದಾಗ ವ್ಯಂಗ್ಯಚಿತ್ರಗಾರ್ತಿ ಸುನಿಲ್ದಾ ಅರೆಕೋಳ ಮುಖ ಇನ್ನೂ ನೆಟ್ಟಗಿತ್ತು. ಅದಕ್ಕೇ ಹಿಂದೆಮುಂದೆ ನೋಡದೆ ಒಪ್ಪಿಕೊಂಡಿದ್ದಳು.

"ಈ ಸಲ ವ್ಯಂಗ್ಯಚಿತ್ರ ಬರೆಯೋರೆಲ್ಲ ಅವರವರ ಮುಖಾನೇ ಬರೀಬೇಕು ಕಣೇ. ಊರವರ ಮೂಗು, ಕಿವಿ ಎಳೆದಿದ್ದು ಸಾಕು, ಈಗ ನಿಮ್ಮದು ನೀವೇ ಎಳ್ಕೊಳ್ಳಿ," ಅಂದಿದ್ದಳು ನಿಮಿಯಾ. ಅಸುನ್ಸಿಯೋನ್ ನಗರದ ಹಳೇ ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವಳದೊಂದು ಗ್ಯಾಲರಿ. "ಟ್ಯಾಬ್ಲೆಟ್‌ನಲ್ಲೇ ಬರೀಬೇಕು, ಕಾಗದ ಬೇಡ. ನೀವು ಬರೆಯೋದೆಲ್ಲ ಅದರಲ್ಲಿ ರೆಕಾರ್ಡ್ ಆಗುತ್ತಲ್ಲ, ಆ ವಿಡಿಯೋನ ಚಿತ್ರದ ಪಕ್ಕದಲ್ಲೇ ಓಡಿಸ್ತೀನಿ. ಜನಕ್ಕೆ ಚಿತ್ರಕ್ಕಿಂತ ಅದೇ ಇಷ್ಟ."

ಸುನಿಲ್ದಾ ನಕ್ಕಿದ್ದಳು. ಪತ್ರಿಕೆಗೆ ಅವಳು ಬರೆಯಲು ಶುರುಮಾಡಿ ಎಷ್ಟೋ ಸರ್ಕಾರಗಳು ಬಂದು ಹೋಗಿದ್ದವು. ಮಂತ್ರಿಗಳು, ಬಿಷಪ್ಪರು, ಫುಟ್‌ಬಾಲ್ ಕ್ಲಬ್ಬುಗಳ ಅಧ್ಯಕ್ಷರು, ಯಾರನ್ನೂ ಅವಳು ಬಿಟ್ಟವಳಲ್ಲ. ಒಂದು ಮುಖ ಎದುರಿಗೆ ಬಂದರೆ ಸಾಕು, ಆ ಮನುಷ್ಯ ಯಾವುದನ್ನು ಮುಚ್ಚಿಡಲು ಒದ್ದಾಡುತ್ತಿದ್ದಾನೋ ಅದೇ ಅವಳ ಕಣ್ಣಿಗೆ ಮೊದಲು ಬೀಳುತ್ತಿತ್ತು. ಒಬ್ಬನ ಬೋಳು, ಇನ್ನೊಬ್ಬನ ಎರಡನೇ ಗದ್ದ, ಮತ್ತೊಬ್ಬಳು ಬಣ್ಣ ಬಳಿದು ಅಡಗಿಸಿದ ಹುಬ್ಬು. ತನ್ನ ಮುಖ ಯಾವ ಮಹಾ? ಉದ್ದ ಮೂಗಿದೆ, ಅದನ್ನೇ ಇನ್ನಷ್ಟು ಎಳೆದರಾಯಿತು ಅಂದುಕೊಂಡಿದ್ದಳು.

ಆಮೇಲೆ ಆಗಸ್ಟಿನ ಒಂದು ಬೆಳಿಗ್ಗೆ ಅಂಗಳದಲ್ಲಿ ಕೂತು ತೆರೆರೆ ಕುಡಿಯುತ್ತಿದ್ದಾಗ, ನಳಿಗೆಯಿಂದ ಎಳೆದ ತಣ್ಣನೆ ಕಷಾಯ ಬಾಯಲ್ಲಿ ನಿಲ್ಲದೆ ಗದ್ದದ ಮೇಲೆ ಸುರಿಯಿತು. ಗಂಡ ದೆರ್ಲಿಸ್ ಮೊದಲು ನಕ್ಕ. ಅವಳೂ ನಗಲು ಹೋದಳು. ಅವಳ ಬಲಗೆನ್ನೆ ಮಾತ್ರ ನಕ್ಕಿದ್ದನ್ನು ನೋಡಿ ಅವನ ನಗೆ ಅಲ್ಲೇ ನಿಂತಿತು.

ಮುಖದ ನರ ಊದಿಕೊಂಡಿದೆ, ಕೆಲವು ತಿಂಗಳಲ್ಲಿ ಸರಿಹೋಗುತ್ತದೆ ಅಂದರು ಡಾಕ್ಟರು. ಮುಕ್ಕಾಲು ಪಾಲು ಸರಿಹೋಯಿತು ಕೂಡ. ಎಡಗಡೆ ಬಾಯಿಯ ತುದಿ ಮಾತ್ರ ಜೋತುಬಿದ್ದಿದ್ದು ಮೇಲೇಳಲಿಲ್ಲ, ಎಡಗಣ್ಣು ಪೂರ್ತಿ ಮುಚ್ಚಲಿಲ್ಲ. "ಇನ್ನು ಇಷ್ಟೇ ಅನ್ಸುತ್ತೆ. ಆದರೆ ಹೇಳಿದರೆ ಮಾತ್ರ ಗೊತ್ತಾಗುತ್ತೆ ಬಿಡಿ," ಅಂದರು ಡಾಕ್ಟರು. ಈ ಮಾತನ್ನು ಆಮೇಲೆ ಊರಿಗೆ ಊರೇ ಹೇಳಿತು. ಹೇಳುವಾಗ ಒಬ್ಬೊಬ್ಬರ ಕಣ್ಣೂ ಅವಳ ಬಾಯಿಯ ಎಡ ತುದಿಯ ಮೇಲೇ ಇರುತ್ತಿತ್ತು.

ಆ ಕಡೆ ಜನವರಿಯೆಂದರೆ ನಡುಬೇಸಿಗೆ; ಆ ಸುಡು ಬಿಸಿಲಲ್ಲಿ ನಿಮಿಯಾ ನೆನಪಿಸಿದಳು. ಸುನಿಲ್ದಾ ಫ್ಯಾನಿನ ಕೆಳಗೆ ಕೂತು ಟ್ಯಾಬ್ಲೆಟ್ ತೆರೆದಳು, ಪಕ್ಕದಲ್ಲಿ ಕನ್ನಡಿ ಇಟ್ಟುಕೊಂಡಳು. ಅಷ್ಟರಲ್ಲಿ ಸಂಪಾದಕನ ಫೋನು ಬಂತು. ನಾಳಿನ ಚಿತ್ರ ಚಿಕ್ಕದು ಮಾಡು, ಜಾಹೀರಾತು ಬಂದಿದೆ ಅಂತ. ಅವನ ಜೊತೆ ಜಗಳವಾಡುತ್ತಾ ಆಡುತ್ತಾ ಅವಳ ಕೈ ಪೆನ್ನು ಹಿಡಿದು ತನ್ನಷ್ಟಕ್ಕೆ ಗೀಚುತ್ತಿತ್ತು. ಫೋನಿಟ್ಟು ನೋಡಿದರೆ ಪರದೆಯ ಮೇಲೆ ಒಂದು ಮುಖ. ಹತ್ತಿಪ್ಪತ್ತು ಗೆರೆ ಇರಬಹುದು ಅಷ್ಟೇ. ಬಾಯಿ ಒಂದು ಕಡೆ ಜಾರಿದೆ, ಒಂದು ಕಣ್ಣು ದೊಡ್ಡದಾಗಿ ಬಿಟ್ಟುಕೊಂಡಿದೆ. ಸುನಿಲ್ದಾ ತುಟಿ ಬಿಗಿಹಿಡಿದಳು. ಒಂದೇ ಸಲಕ್ಕೆ ಅದನ್ನು ಅಳಿಸಿ, "ಈಗ ಸರಿಯಾಗಿ ಬರೀತೀನಿ," ಅಂತ ಮತ್ತೆ ಶುರುಮಾಡಿದಳು.

ಸರಿಯಾಗಿ ಬರೆಯುವುದೇ ಆಗಲಿಲ್ಲ. ಮೂಗು ಬಂತು, ಕೂದಲು ಬಂತು, ಕತ್ತಿನ ಸುಕ್ಕೂ ಬಂತು. ಬಾಯಿಗೆ ಬಂದಾಗ ಕೈ ಮೇಲಕ್ಕೆ ಎಳೆಯುತ್ತಿತ್ತು. ಎಡ ತುದಿಯನ್ನು ಒಂದು ಕೂದಲೆಳೆಯಷ್ಟು ಮೇಲೆತ್ತುವಳು, ನೋಡುವಳು, ಇನ್ನೊಂದಿಷ್ಟು ಎತ್ತುವಳು. ತಾನು ಸುಳ್ಳು ಬರೆಯುತ್ತಿದ್ದೇನೆ ಅನ್ನಿಸಿ ಕೆಳಗಿಳಿಸುವಳು. ಇಳಿಸಿದ್ದನ್ನು ನೋಡಲಾಗದೆ ಮತ್ತೆ ಎತ್ತುವಳು. ಕಾಗದವಾಗಿದ್ದರೆ ಇಷ್ಟು ಉಜ್ಜಿದ್ದಕ್ಕೆ ತೂತು ಬಿದ್ದಿರುತ್ತಿತ್ತು. ಆ ಹಾಳು ಪರದೆ ಎಷ್ಟು ಸಲ ಅಳಿಸಿದರೂ ಹೊಸದಾಗಿಯೇ ಇತ್ತು.

ದೆರ್ಲಿಸ್ ಕೆಲಸದಿಂದ ಬಂದು ಹಿಂದೆ ನಿಂತು ನೋಡಿದ. ಅವನು ಏಸಿ ರಿಪೇರಿ ಮಾಡುವವನು, ಆ ತಿಂಗಳಲ್ಲಿ ಅವನಿಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ.

"ಹೇಗಿದೆ ಹೇಳು," ಅಂದಳು.

"ಚೆನ್ನಾಗಿದೆ."

"ಚೆನ್ನಾಗಿದೆ ಅಂದ್ರೆ ಏನು?"

"ಅಂದ್ರೆ... ಚೆನ್ನಾಗಿ ಕಾಣ್ತೀಯ. ನಿನ್ನ ಅಕ್ಕನ ಥರ."

"ಅಕ್ಕನ ಥರ ಯಾಕೋ ಕಾಣಬೇಕು ನಾನು?"

"ನೀನೇ ಕೇಳಿದೆ, ಹೇಳಿದೆ. ನನ್ನ ಮೇಲೆ ಯಾಕೆ ಹರಿಹಾಯ್ತೀಯ?"

ಅವಳು ಸಿಟ್ಟಿನಿಂದ ಹೊಸ ಪುಟ ತೆರೆದು ಇನ್ನೊಂದನ್ನು ಬರೆದಳು. ಈ ಸಲ ಬಾಯಿಯನ್ನು ಗದ್ದದವರೆಗೆ ಜೋಲುಬಿಟ್ಟಳು, ಕಣ್ಣನ್ನು ಗುಡ್ಡೆ ಹೊರಬರುವಂತೆ ಮಾಡಿದಳು, ಜೊಲ್ಲು ಸುರಿಸಿದಳು. ಅತ್ತೆ ಬ್ಲಾಸಿದಾ ಒರಳಿನಲ್ಲಿ ತೆರೆರೆಗೆ ಸೊಪ್ಪು ಕುಟ್ಟುತ್ತಿದ್ದವಳು ಎದ್ದುಬಂದು ನೋಡಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು.

"ಇದು ಯಾರೇ? ಸೆನೆಟರನಾ?"

"ನಾನೇ ಅತ್ತೆ."

"ನೀನಲ್ಲ ಬಿಡು. ಇಂಥದ್ದು ನಮ್ಮನೇಲಿದ್ದಿದ್ರೆ ನಾನು ಒಂದು ನಿಮಿಷ ಇರ್ತಿರಲಿಲ್ಲ." ಮತ್ತೆ ಒರಳಿನ ಹತ್ತಿರ ಹೋಗುತ್ತಾ, "ಬಾಯಿಗೊಂದು ನಳಿಗೆ ಇಟ್ಟು ಬರಿ. ತೆರೆರೆ ಕುಡೀತಿದಾಳೆ ಅನ್ಕೋತಾರೆ, ಕಾಣೋದೇ ಇಲ್ಲ," ಅಂದಳು.

ಸುನಿಲ್ದಾಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎರಡಕ್ಕೂ ಬಾಯಿ ಸೊಟ್ಟಗಾಗುತ್ತದೆ ಎಂದು ಎರಡನ್ನೂ ಮಾಡಲಿಲ್ಲ. ಕೊನೆಗೆ ಆ ಅಕ್ಕನ ಥರದ್ದನ್ನೇ ಕಳಿಸಿಬಿಟ್ಟಳು. ಅದರ ವಿಡಿಯೋ ಕೂಡ ಹೋಯಿತು. ಅದರಲ್ಲಿ ಏನಿದೆ ಎಂದು ನೋಡುವಷ್ಟು ತಾಳ್ಮೆ ಅವಳಿಗೆ ಉಳಿದಿರಲಿಲ್ಲ.

ಪ್ರದರ್ಶನದ ಮೊದಲ ಸಂಜೆ ಗ್ಯಾಲರಿ ತುಂಬಿತ್ತು. ಒಂದು ಗೋಡೆಯ ಹತ್ತಿರ ಮಾತ್ರ ಜನ ಗುಂಪುಗುಂಪಾಗಿ ನಗುತ್ತಿದ್ದರು. ಸುನಿಲ್ದಾ ಒಳಗೊಳಗೇ ಹಿಗ್ಗಿ ಹತ್ತಿರ ಹೋದಳು, ಅದು ತನ್ನ ಚಿತ್ರದ ಗೋಡೆ. ಆದರೆ ಚಿತ್ರವನ್ನು ಒಬ್ಬರೂ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಪಕ್ಕದ ಪರದೆಯ ಮೇಲೆ.

ಖಾಲಿ ಪರದೆ. ಸರಸರ ಒಂದಿಷ್ಟು ಗೆರೆ. ಕಣ್ಣು ಬಿಟ್ಟುಕೊಂಡು, ಬಾಯಿ ಜಾರಿಸಿಕೊಂಡು, ಯಾರನ್ನೋ ಬೈಯುತ್ತಿರುವ ಸುನಿಲ್ದಾ, ಜೀವ ಬಂದ ಹಾಗೆ, ಕ್ಷಣದಲ್ಲಿ ಎದ್ದು ನಿಂತಳು. ನೋಡಿದವರು "ಹಾ, ಅವಳೇ!" ಅಂದರು. ಮರುಕ್ಷಣ ಅದು ಮಾಯ. ಆಮೇಲೆ ಶುರುವಾಯಿತು. ಇನ್ನೊಂದು ಮುಖ, ಅದರ ಬಾಯಿ. ಬಾಯಿ ಮೇಲೆ, ಬಾಯಿ ಕೆಳಗೆ, ಮೇಲೆ, ಕೆಳಗೆ. ಗಂಟೆಗಟ್ಟಲೆ ಮಾಡಿದ್ದನ್ನು ವಿಡಿಯೋ ಕೆಲವೇ ನಿಮಿಷಕ್ಕೆ ಇಳಿಸಿ ವೇಗವಾಗಿ ಓಡಿಸುತ್ತಿದ್ದರಿಂದ ತುಟಿಯ ಆ ತುದಿ ಮೀನಿನ ಬಾಲದಂತೆ ಪಟಪಟ ಬಡಿದುಕೊಳ್ಳುತ್ತಿತ್ತು. ಜನ ನಗುತ್ತಿದ್ದದ್ದು ಅದಕ್ಕೆ.

ಚಿತ್ರದಿಂದ ಅಳಿಸಿದ್ದು ರೆಕಾರ್ಡಿನಿಂದ ಅಳಿಸಿಹೋಗುವುದಿಲ್ಲ ಅನ್ನುವುದು ಅವಳಿಗೆ ಗೊತ್ತಿರಲಿಲ್ಲ ಅಂತಲ್ಲ. ಅಳಿಸಿದ್ದೇ ನೆನಪಿರಲಿಲ್ಲ.

"ನಿಮಿಯಾ, ಅದನ್ನ ನಿಲ್ಲಿಸು."

"ಹುಚ್ಚಾ ನಿನಗೆ? ಇಡೀ ಪ್ರದರ್ಶನದಲ್ಲಿ ಜನ ನಿಂತು ನೋಡ್ತಿರೋದು ಅದೊಂದನ್ನೇ."

"ನನ್ನ ಬಾಯಿ ನೋಡಿ ನಗ್ತಿದಾರೆ."

"ಬಾಯಿ ನೋಡಿ ಅಲ್ವೇ, ನೀನು ಅದನ್ನ ತಿದ್ದೋದು ನೋಡಿ ನಗ್ತಿದಾರೆ. ಎರಡೂ ಒಂದೇನಾ?"

ಉತ್ತರ ಕೊಡುವಷ್ಟರಲ್ಲಿ ಪಕ್ಕದಲ್ಲಿ ಯಾರೋ ಕೆಮ್ಮಿದರು. ರೇಡಿಯೋದಲ್ಲಿ ಫುಟ್‌ಬಾಲ್ ವಿವರಣೆ ಹೇಳುವ ಸಿರಿಲೋ ಬೆನೇಗಾಸ್. ಆ ಗಂಟಲು ಕೇಳದ ಮನೆ ಊರಲ್ಲಿಲ್ಲ. ಚಿಕ್ಕಂದಿನಿಂದ ಅವನ ಒಂದು ಕಣ್ಣು ಒಳಕ್ಕೆ ತಿರುಗಿತ್ತು. ರೇಡಿಯೋದವನಾದ್ದರಿಂದ ಅದು ಬಹಳ ಜನಕ್ಕೆ ತಿಳಿದಿರಲಿಲ್ಲ, ಸುನಿಲ್ದಾ ಬರೆದು ಪತ್ರಿಕೆಯಲ್ಲಿ ಬರುವ ತನಕ. ಆ ಚಿತ್ರದಲ್ಲಿ ಅವನ ಒಂದು ಕಣ್ಣು ಚೆಂಡನ್ನು ನೋಡುತ್ತಿತ್ತು, ಇನ್ನೊಂದು ಅವನದೇ ಮೂಗನ್ನು. ಒಂದು ವರ್ಷ ಮಕ್ಕಳು ಬೀದಿಯಲ್ಲಿ ಅವನ ಹಿಂದೆ ಹಾಗೇ ಕಣ್ಣು ಮಾಡಿಕೊಂಡು ಓಡುತ್ತಿದ್ದರು.

ಬೆನೇಗಾಸ್ ಪರದೆಯನ್ನು ಪೂರ್ತಿ ಒಂದು ಸುತ್ತು ನೋಡಿ, ಅವಳ ಕಡೆ ತಿರುಗಿ, ರೇಡಿಯೋದಲ್ಲಿ ಆಡುವಷ್ಟೇ ಸ್ಪಷ್ಟವಾಗಿ ಹೇಳಿದ: "ಎಷ್ಟು ಹೊತ್ತು ಕೂತು ತಿದ್ದಿದೀರಿ ಸುನಿಲ್ದಾ ಅವರೇ! ನನ್ನ ಕಣ್ಣಿಗೂ ಇದರಲ್ಲಿ ಅರ್ಧ ಹೊತ್ತು ಕೊಡಬಹುದಿತ್ತಲ್ಲ?"

ಅವನು ಕುಹಕವಾಡಿದ್ದೇ ಆಗಿದ್ದರೆ ಅವಳೂ ತಿರುಗಿ ಏನಾದರೂ ಅನ್ನುತ್ತಿದ್ದಳು. ಅವನು ನಿಜವಾಗಿಯೂ ಕೇಳುತ್ತಿದ್ದ. ಸುನಿಲ್ದಾ ಬ್ಯಾಗೆತ್ತಿಕೊಂಡು ಹೊರಟೇಬಿಟ್ಟಳು. ದೆರ್ಲಿಸ್ ಕೈಯಲ್ಲಿ ಚಿಪಾ ರೊಟ್ಟಿಯ ತುಂಡು ಹಿಡಿದುಕೊಂಡೇ ಅವಳ ಹಿಂದೆ ಓಡಿಬಂದ.

ಮರುದಿನ ನಿಮಿಯಾ ಸ್ವಲ್ಪ ಸಡಿಲಾದಳು. "ವಾರದ ಕೊನೆಯೊಳಗೆ ಬೇರೆ ಚಿತ್ರ ತಂದುಕೊಡು. ಇದನ್ನೂ ತೆಗೀತೀನಿ, ವಿಡಿಯೋನೂ ತೆಗೀತೀನಿ."

ಬೇರೆ ಯಾವುದು? ಆ ಮೊದಲಿನ ಗೀಚೇ ಆಗಬೇಕು ಅಂತ ಅವಳಿಗೆ ಗೊತ್ತಿತ್ತು. ಮಗಳು ಜೆರುತಿ ಗ್ಯಾಲರಿಯಲ್ಲಿ ಫೋನಿಗೆ ಹಿಡಿದು ಕಳಿಸಿದ್ದ ವಿಡಿಯೋವನ್ನು ಆ ಕ್ಷಣಕ್ಕೆ ನಿಲ್ಲಿಸಿ ಎದುರಿಗಿಟ್ಟುಕೊಂಡು ಬರೆಯಲು ಕೂತಳು. ಗೆರೆಗೆ ಗೆರೆ ಅಳೆದು ಇಟ್ಟರೂ ಹೆಣದ ಮುಖದ ಹಾಗೆ ಬಂತು. ಇನ್ನೊಮ್ಮೆ ಬರೆದಳು. ಮತ್ತೊಮ್ಮೆ. ಬೆವರಿದ ಕೈ ಗಾಜಿಗೆ ಅಂಟುತ್ತಿತ್ತು. ಮಧ್ಯೆ ಕರೆಂಟ್ ಹೋಗಿ ಫ್ಯಾನು ನಿಂತಿತು. ಪೆನ್ನನ್ನು ಗೋಡೆಗೆಸೆದಳು.

ದೆರ್ಲಿಸ್ ಅದನ್ನು ಎತ್ತಿಕೊಂಡು ಬಂದ. "ಅದನ್ನ ಬರೆದಾಗ ನೀನು ಜಗಳ ಆಡ್ತಿದ್ದೆ ಅಲ್ವಾ? ನನ್ನ ಜೊತೆ ಆಡು. ಕೈ ತಾನಾಗೇ ಬರೆಯುತ್ತೆ."

"ಸುಮ್ಮಸುಮ್ಮನೆ ಜಗಳ ಹೇಗೋ ಆಡೋದು?"

"ನಾನು ಶುರು ಮಾಡ್ತೀನಿ. ನೀನು ಮಾಡೋ ಹುರುಳಿ ಸೂಪಲ್ಲಿ ಉಪ್ಪೇ ಇರಲ್ಲ."

"ಉಪ್ಪು ಬೇಡ ಅಂದಿದ್ದು ನಿನ್ನ ಡಾಕ್ಟರು."

"ನನ್ನ ಅಂಗಿಗಳನ್ನ ನೀನು ಬಣ್ಣದ ಬಟ್ಟೆ ಜೊತೆ ಹಾಕ್ತೀಯ."

"ನೀನೇ ಒಗೆದ್ಕೋ."

ಪೆನ್ನು ಅಲ್ಲಾಡಲಿಲ್ಲ. ದೆರ್ಲಿಸ್ ಹುಡುಕಿ ಹುಡುಕಿ ಇನ್ನೊಂದು ತೆಗೆದ, ತೆಗೆದ ಮೇಲೆ ಅವನಿಗೇ ತಡೆಯಲಾಗಲಿಲ್ಲ. "ಜೆರುತಿ ಪದವಿ ತಗೊಂಡ ದಿನದ ಫೋಟೋದಲ್ಲಿ ನೀನಿಲ್ಲ."

"ಫೋಟೋ ತೆಗೆದದ್ದೇ ನಾನಲ್ವಾ?"

"ಅದಕ್ಕೇ ಹೇಳ್ತಿರೋದು. ಎಲ್ಲದರಲ್ಲೂ ನೀನೇ ತೆಗೆದೆ. ಪಕ್ಕದಲ್ಲಿ ನಿಂತಿದ್ದವರು ಎಷ್ಟು ಜನ ಕೇಳಿದರು, ಕೊಡಿ ನಾವು ತೆಗೀತೀವಿ ಅಂತ? ನೀನು ಕೊಡಲಿಲ್ಲ. ಹುಡುಗಿ ಆವತ್ತು ಗೌನು ಬಿಚ್ಚೋವರೆಗೂ ನಿನ್ನ ಕಡೆ ನೋಡ್ತಾನೇ ಇದ್ದಳು. ಅವಳು ಹೇಳಲ್ಲ, ನಾನು ಹೇಳ್ತಿದೀನಿ."

"ನಿಂಗೇನೋ ಗೊತ್ತು? ನಿನ್ನ ಮುಖ ನಿನ್ನ ಮಾತು ಕೇಳುತ್ತೆ."

"ಗೊತ್ತಿಲ್ಲ. ನನಗೆ ಗೊತ್ತಿರೋದು ಇಷ್ಟೇ, ನಾನು ನೋಡಿದಾಗಲೆಲ್ಲ ನೀನು ತಿರುಗಿ ಬಲಗೆನ್ನೆ ಮಾತ್ರ ತೋರಿಸ್ತೀಯ. ಹಾಸಿಗೇಲೂ ಜಾಗ ಬದಲಾಯಿಸ್ಕೊಂಡೆ. ನಾನೇನು ಪತ್ರಿಕೆ ಓದೋನಾ? ನಿನ್ನ ಗಂಡ ಕಣೇ!"

ಅತ್ತೆ ಒರಳಲ್ಲಿ ಕುಟ್ಟುವುದನ್ನು ನಿಲ್ಲಿಸಿದಳು. ದೆರ್ಲಿಸ್ ತನ್ನ ಸಾಮಾನಿನ ಪೆಟ್ಟಿಗೆ ಎತ್ತಿಕೊಂಡು ಯಾರದೋ ಏಸಿ ನೋಡಲು ಹೊರಟುಹೋದ. ಪರದೆಯ ಮೇಲೆ ಒಂದು ಗೆರೆಯೂ ಬಿದ್ದಿರಲಿಲ್ಲ.

ಸಂಜೆ ಜೆರುತಿ ಬಂದಾಗ ಅಜ್ಜಿ ಎಲ್ಲವನ್ನೂ ಬಾಗಿಲಲ್ಲೇ ಒಪ್ಪಿಸಿದ್ದಳು ಅಂತ ಕಾಣುತ್ತದೆ. ಹುಡುಗಿ ಸೀದಾ ತಾಯಿಯ ಕೈ ಹಿಡಿದು ಅಂಗಳದ ಮಾವಿನ ಮರದಡಿ ಎಳೆದುಕೊಂಡು ಹೋಗಿ ನಿಲ್ಲಿಸಿ, ಅಜ್ಜಿಯ ಕೈಗೆ ಫೋನು ಕೊಟ್ಟಳು.

"ಜೆರುತಿ, ಬೇಡ. ಕೂದಲೆಲ್ಲ ಬೆವತಿದೆ."

"ನಿಂತ್ಕೋ ಅಮ್ಮ."

ಸುನಿಲ್ದಾ ಅಭ್ಯಾಸದಂತೆ ಬಲಗೆನ್ನೆ ಮುಂದೆ ಮಾಡಿ ತಿರುಗಿದಳು. ಜೆರುತಿ ಅವಳ ಗದ್ದ ಹಿಡಿದು, ಮಗುವಿನ ಮುಖ ತಿರುಗಿಸಿದ ಹಾಗೆ, ನೇರ ಮಾಡಿದಳು. "ಎಲ್ಲಿ ಒತ್ತಬೇಕೇ? ಇದಾ? ನನ್ನ ಹೆಬ್ಬೆರಳೇ ಕಾಣ್ತಿದೆಯಲ್ಲ," ಅಂತ ಅಜ್ಜಿ ಗೊಣಗುತ್ತಲೇ ಒಂದು ತೆಗೆದಳು.

ಸುನಿಲ್ದಾ ಫೋನು ಕಸಿದುಕೊಂಡು ನೋಡಿದಳು. ಬಾಯಿ ಜೋತಿದೆ, ಒಂದು ಕಣ್ಣು ದೊಡ್ಡದಾಗಿ ಬಿಟ್ಟುಕೊಂಡು ಇನ್ನೊಂದು ಇಳಿಬಿಸಿಲಿಗೆ ಕಿರಿದಾಗಿದೆ. ಅವಳಿಗೆ ಒಂದಿಷ್ಟೂ ಇಷ್ಟವಾಗಲಿಲ್ಲ.

"ಅಳಿಸು."

"ಅಳಿಸಲ್ಲ," ಅಂದ ಜೆರುತಿ ಫೋನನ್ನು ಜೇಬಿಗಿಳಿಸಿ ಒಳಗೆ ಹೋದಳು. ಆ ವಾರವೆಲ್ಲ ಸುನಿಲ್ದಾ ಬೇಡಿದಳು, ಗದರಿಸಿದಳು. ಹುಡುಗಿ ಜಗ್ಗಲಿಲ್ಲ.

ಗ್ಯಾಲರಿಗೆ ಬೇರೆ ಚಿತ್ರ ಹೋಗಲಿಲ್ಲ. ವಾರದ ಕೊನೆಗೆ ನಿಮಿಯಾ ಫೋನ್ ಮಾಡಿದಾಗ, "ಬರಲಿಲ್ಲ ಕಣೇ, ಎಷ್ಟು ಬರೆದರೂ ಬರಲಿಲ್ಲ. ಅದೇ ಓಡಲಿ ಬಿಡು," ಅಂದಳು. ಧ್ವನಿಯಲ್ಲಿ ದೊಡ್ಡತನವೇನೂ ಇರಲಿಲ್ಲ, ಸುಸ್ತು ಇತ್ತು. ತುಟಿಯ ತುದಿ ತಿಂಗಳ ಕೊನೆಯವರೆಗೂ ಆ ಪರದೆಯ ಮೇಲೆ ಬಡಿದುಕೊಳ್ಳುತ್ತಲೇ ಇತ್ತು. ಅವಳು ಆ ಬೀದಿಗೆ ಕಾಲಿಡಲಿಲ್ಲ.

ಫೆಬ್ರವರಿಯಲ್ಲಿ ಬೆನೇಗಾಸ್ ಒಂದು ಕ್ಲಬ್ಬಿನ ಅಧ್ಯಕ್ಷನ ಮೇಲೆ ನೇರ ಪ್ರಸಾರದಲ್ಲೇ ಕೂಗಾಡಿ ದೊಡ್ಡ ಸುದ್ದಿಯಾದ. ಅವನನ್ನೇ ಬರಿ ಅಂದ ಸಂಪಾದಕ. ಸುನಿಲ್ದಾ ಮೊದಲು ಕಣ್ಣು ನೆಟ್ಟಗೆ ಬರೆದಳು. ಅದು ಬೆನೇಗಾಸ್ ಆಗಿರಲಿಲ್ಲ, ಯಾವನೋ ಬ್ಯಾಂಕಿನ ಗುಮಾಸ್ತನಾಗಿದ್ದ. ಒಳಕ್ಕೆ ತಿರುಗಿಸಿದಳು, ಹಳೆಯ ಚಿತ್ರದ ಹಾಗೆ ಬಂತು, ಅದನ್ನೂ ಅಳಿಸಿದಳು. ಯಾವಾಗಲೂ ಊಟದ ಹೊತ್ತಿಗೆ ಮುಗಿಯುತ್ತಿದ್ದ ಕೆಲಸ ಸಂಜೆಯಾದರೂ ಮುಗಿಯಲಿಲ್ಲ. ಪುಟ ಕಟ್ಟುವವರು ಕಾಯುತ್ತಿದ್ದಾರೆ ಅಂತ ಸಂಪಾದಕ ಫೋನಿನ ಮೇಲೆ ಫೋನು ಮಾಡಿದ.

"ಏನು ಸುನಿಲ್ದಾ, ಒಂದು ಮುಖಕ್ಕೆ ಇಡೀ ದಿನವಾ? ಮೊದಲು ಹೀಗಿರಲಿಲ್ಲ ನೀನು."

"ಹೌದು, ಇರಲಿಲ್ಲ," ಅಂದಳು ಸುನಿಲ್ದಾ. "ಇನ್ನರ್ಧ ಗಂಟೆ ಕೊಡು. ಕಣ್ಣು ಇನ್ನೂ ಬಂದಿಲ್ಲ."