ಮೊದಲು ಅಳತೆ, ಕೊನೆಗೆ ವಿದ್ಯುತ್

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಭಾವನ ಮೇಲೆ ಮಾತ್ರ ಅದು ಬರುವುದಕ್ಕೆ ಎಂಟು ತಿಂಗಳು ಹಿಡಿಯಿತು.

ನಾನು ಲಿಫ್ಟ್ ರಿಪೇರಿಯವಳು. ಹದಿನಾರು ವರ್ಷದಿಂದ ಕಟ್ಟಡಗಳ ಲಿಫ್ಟ್ ಗುಂಡಿಗೆ ಇಳಿದು, ಉಕ್ಕಿನ ಹಗ್ಗ ಒರೆಸಿ, ಗ್ರೀಸ್ ಬಳಿದು, ಹರಿದ ಎಳೆ ಹುಡುಕುವುದು ನನ್ನ ಕೆಲಸ. ಇನ್ನೊಂದೆರಡು ವರ್ಷ ಹೀಗೇ ಇಳಿದು ಹತ್ತಿದರೆ ಮಂಡಿ ಪೂರ್ತಿ ಕೈಕೊಡುತ್ತದೆ ಎಂದು ಡಾಕ್ಟರು ಹೇಳಿದ್ದರು. ಅಷ್ಟರಲ್ಲಿ ಕಂಪನಿಯ ಪ್ಯಾನೆಲ್ ವಿಭಾಗದಲ್ಲಿ ಒಂದು ಜಾಗ ಖಾಲಿಯಾಯಿತು. ಲಿಫ್ಟ್ ಓಡಿಸುವ ಸ್ವಿಚ್ಚು, ತಂತಿಗಳ ಪೆಟ್ಟಿಗೆ ಜೋಡಿಸುವುದು, ಕೂತು ಮಾಡುವ ಕೆಲಸ. ಹೊರಗಿನವರೂ ಅರ್ಜಿ ಹಾಕಬಹುದು, ಭೌತಶಾಸ್ತ್ರದ ಪರೀಕ್ಷೆ ಇದೆ. ಆ ಕುರ್ಚಿ ಸಿಕ್ಕರೆ ಬದುಕಿಕೊಂಡೆ, ಇಲ್ಲದಿದ್ದರೆ ಮನೆಯಲ್ಲಿ ಕೂರಬೇಕು.

ಅಕ್ಕನ ಗಂಡ ಭೌತಶಾಸ್ತ್ರದ ನಿವೃತ್ತ ಮೇಷ್ಟ್ರು. ಪರೀಕ್ಷೆಗೆ ಏನೇನು ಓದಬೇಕು ಎಂದು ಆಫೀಸಿನವರು ಕೊಟ್ಟ ಹಾಳೆಯನ್ನು ನಾನು ಬಿಚ್ಚಿಯೂ ನೋಡದೆ ಅವರ ಕೈಗೆ ಕೊಟ್ಟೆ.

“ಇದನ್ನ ನೋಡಿದ್ರೆ ಹೆದರ್ಕೋತೀಯ,” ಎಂದು ಅದನ್ನು ಜೇಬಿಗೆ ಹಾಕಿಕೊಂಡರು. “ಮೊದಲು ಅಳತೆ, ಆಮೇಲೆ ಚಲನೆ, ಬಲ, ಕೆಲಸ, ಶಕ್ತಿ. ವಿದ್ಯುತ್ತು ಕೊನೆಗೆ. ಮೆಟ್ಟಿಲು ಹಾರ್ಬೇಡ. ದಡ ಸೇರಿಸೋದು ನನ್ನ ಜವಾಬ್ದಾರಿ.”

ಪ್ರತಿ ಭಾನುವಾರ ಬೆಳಿಗ್ಗೆ ಅವರ ಊಟದ ಮೇಜಿನ ಮುಂದೆ ಕೂರುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿ ಕಲಿಸಿದರು. ದ್ರವ್ಯರಾಶಿ ಬೇರೆ, ತೂಕ ಬೇರೆ ಎಂಬುದಕ್ಕೇ ಮೂರು ವಾರ ಹಿಡಿಯಿತು. ಲಿಫ್ಟ್ ಮೇಲಕ್ಕೆ ಹೊರಡುವಾಗ ಕಾಲು ಯಾಕೆ ಭಾರವಾಗುತ್ತದೆ ಎಂದು ತಿಳಿದ ಮರುದಿನ ಕೆಲಸ ಬಿಟ್ಟು ನಾಲ್ಕು ಸಲ ಸುಮ್ಮನೆ ಮೇಲೆ ಕೆಳಗೆ ಓಡಾಡಿದೆ. ಭಾರ ಹೊತ್ತು ಅಲುಗದೆ ನಿಂತರೆ ಅದು ಕೆಲಸವೇ ಅಲ್ಲ ಎಂದಾಗ, “ಹಾಗಾದ್ರೆ ನಮ್ಮ ಸೂಪರ್‌ವೈಸರಿಗೆ ಹೇಳ್ಬೇಡಿ ಭಾವ, ಅರ್ಧ ಸಂಬಳ ಹಿಡ್ಕೊಂಡಾರು,” ಎಂದಿದ್ದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ಆದರೆ ವಿದ್ಯುತ್ ಬರಲೇ ಇಲ್ಲ. ಕೇಳಿದಾಗಲೆಲ್ಲ “ಬಲ ಇನ್ನೂ ಗಟ್ಟಿಯಾಗಿಲ್ಲ, ಹಿಂದಕ್ಕೆ ಹೋಗು,” ಎನ್ನುತ್ತಿದ್ದರು. ನಾನೂ ಪೆದ್ದಿ, ಹಿಂದಕ್ಕೆ ಹೋಗುತ್ತಿದ್ದೆ. ಮುಂದಿನ ಪಾಠವನ್ನು ನಾನೇ ತೆರೆದು ನೋಡಿದರೆ ಗುರುವಿಗೆ ದ್ರೋಹ ಮಾಡಿದಂತೆ ಎಂದು ತಿಳಿದಿದ್ದೆ.

ಪರೀಕ್ಷೆಗೆ ಹತ್ತು ದಿನವಿತ್ತು. ಬುಧವಾರ ಅವರ ಬೀದಿಯಲ್ಲೇ ಕೆಲಸ ಬೇಗ ಮುಗಿಯಿತು. ಒಂದು ಅನುಮಾನ ಕೇಳೋಣವೆಂದು ಹೋದೆ. ಬಾಗಿಲು ತೆರೆದಿತ್ತು. ನನ್ನ ಕುರ್ಚಿಯಲ್ಲಿ ಅಕ್ಕನ ಮಗಳು ಕೂತಿದ್ದಳು. ಮುಂದೆ ತಂತಿ, ಬ್ಯಾಟರಿ, ಪುಟ್ಟ ಬಲ್ಬು. ಪಕ್ಕದಲ್ಲಿ ನಾನು ಕೊಟ್ಟ ಹಾಳೆ.

“ಬಲಗಿಲ ಎಲ್ಲ ಬಿಡು,” ಎನ್ನುತ್ತಿದ್ದರು ಭಾವ. “ಮುಕ್ಕಾಲು ಪ್ರಶ್ನೆ ವಿದ್ಯುತ್ತಿಂದೇ. ಹಾಳೆಯಲ್ಲೇ ಬರೆದಿದ್ದಾರೆ.”

ನನ್ನನ್ನು ನೋಡಿ ಹುಡುಗಿ ಎದ್ದು ನಿಂತಳು. “ನಾನೂ ಪ್ಯಾನೆಲ್ ಕೆಲಸಕ್ಕೆ ಹಾಕಿದೀನಿ ಚಿಕ್ಕಮ್ಮ!” ಎಂದಳು ಸಂಭ್ರಮದಿಂದ.

“ನಾನೂ ಅದಕ್ಕೇ ಓದ್ತಿರೋದು,” ಎಂದೆ.

ಅವಳ ಮುಖ ಇಳಿಯಿತು. “ನೀವು ಸುಮ್ನೆ ಆಸಕ್ತಿಗೆ ಕಲೀತಿದ್ದೀರ ಅಂತ ಅಪ್ಪ ಅಂದಿದ್ರಲ್ಲ?”

ಭಾವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಾನು ನಿಂಗೆ ಏನಾದ್ರೂ ತಪ್ಪು ಕಲಿಸಿದೀನಾ? ಒಂದು ತೋರ್ಸು.”

ತೋರಿಸಲು ಏನೂ ಇರಲಿಲ್ಲ. ಅದೇ ನನ್ನ ಹೊಟ್ಟೆ ಉರಿಸಿತು. ಅಡುಗೆಮನೆ ಬಾಗಿಲಲ್ಲಿ ಅಕ್ಕ ಟವೆಲಿನಿಂದ ಕೈ ಒರೆಸುತ್ತಲೇ ಇದ್ದಳು. ಕೈ ಒಣಗಿ ಎಷ್ಟೋ ಹೊತ್ತಾಗಿರಬೇಕು, ತಲೆ ಮಾತ್ರ ಎತ್ತಲಿಲ್ಲ. ಅವಳಿಗೂ ಗೊತ್ತಿತ್ತು. ಒಡಹುಟ್ಟಿದವಳು, ಪ್ರತಿ ಭಾನುವಾರ ಟೀ ತಂದಿಟ್ಟವಳು, ಒಂದು ಸಲವಾದರೂ ಕಣ್ಸನ್ನೆ ಮಾಡಬಹುದಿತ್ತು.

“ಕಣ್ಣುಮುಚ್ಚಿ ನಂಬಿದ್ದೆ ಭಾವ,” ಎಂದೆ. ನನ್ನ ಹಾಳೆ ಎತ್ತಿಕೊಂಡು ಹೊರಬಿದ್ದೆ. ಮೆಟ್ಟಿಲಿಳಿಯುವಾಗ ಮಂಡಿ ಚುಳ್ ಎಂದಿತು.

ನಾನೇ ಓದಿ ಹತ್ತು ದಿನದಲ್ಲಿ ವಿದ್ಯುತ್ತಿನ ಪಾಠ ತಲೆಗೆ ಹತ್ತಿದ್ದು ಅಷ್ಟಕ್ಕಷ್ಟೆ. ಇಪ್ಪತ್ತು ಪ್ರಶ್ನೆಗಳಲ್ಲಿ ಹದಿನೈದು ವಿದ್ಯುತ್ತಿನದು. ಉಳಿದ ಐದಕ್ಕೆ ಪೂರ್ತಿ ಅಂಕ ಬಂದಿತ್ತಂತೆ. ಕುರ್ಚಿ ಅಕ್ಕನ ಮಗಳಿಗೆ ಹೋಯಿತು.

ಎರಡು ತಿಂಗಳ ಮೇಲೆ ಒಂದು ಆಸ್ಪತ್ರೆಯ ಲಿಫ್ಟಿಗೆ ಹೊಸ ಪ್ಯಾನೆಲ್ ಹಾಕುವ ಮೊದಲು ನೋಡಿಬರಲು ನಮ್ಮಿಬ್ಬರನ್ನೂ ಕಳಿಸಿದರು. ನಾನು ಗುಂಡಿಯೊಳಗಿದ್ದೆ. ಅವಳು ನೋಟ್‌ಬುಕ್ ಹಿಡಿದು ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಳು.

“ಚಿಕ್ಕಮ್ಮ, ಬೇಜಾರು ಮಾಡ್ಕೋಬೇಡಿ. ಹಗ್ಗದ ಇನ್ನೊಂದು ತುದಿಗೆ ಲಿಫ್ಟಿನ ಎದುರು ಭಾರ ಕಟ್ತಾರಲ್ಲ, ಅದು ಇಷ್ಟೇ ಇರ್ಬೇಕು ಅಂತ ಹೇಗೆ ಗೊತ್ತಾಗತ್ತೆ? ನಂಗೆ ಬುಡಾನೇ ಗೊತ್ತಿಲ್ಲ.”

“ನಿಮ್ಮಪ್ಪನ್ನ ಕೇಳು.”

“ಕೇಳ್ದೆ. ಬುಡದಿಂದ ಎಲ್ಲಾನೂ ಚಿಕ್ಕಮ್ಮಂಗೆ ಕಲಿಸಿಟ್ಟಿದೀನಿ, ಬೇಕಾದಾಗ ಅವಳ ಹತ್ರ ಹೇಳಿಸ್ಕೋ ಅಂದ್ರು.”

ಗ್ರೀಸ್ ಕೈಯಲ್ಲೇ ಗೋಡೆ ಹಿಡಿದುಕೊಂಡೆ. ಎಂಟು ತಿಂಗಳು ಎದುರಿಗೆ ಕೂರಿಸಿಕೊಂಡು, ನಗುನಗುತ್ತ, ಆ ಮನುಷ್ಯ ಮಗಳಿಗೊಂದು ಕೈಪಿಡಿ ತಯಾರು ಮಾಡಿಟ್ಟಿದ್ದ. ಆ ಕೈಪಿಡಿ ನಾನು.

ಹುಡುಗಿಯದೇನೂ ತಪ್ಪಿಲ್ಲ, ಅದು ನನಗೆ ಗೊತ್ತು. ಆದರೂ “ಬರ್ಕೋ” ಎಂದೆ. ಅಳತೆ ಬಿಟ್ಟೆ, ಚಲನೆ ಬಿಟ್ಟೆ, ಬಲವನ್ನೂ ಬಿಟ್ಟು ನೇರವಾಗಿ ಶಕ್ತಿಯಿಂದ ಶುರುಮಾಡಿದೆ. ಅವಳು ತಲೆಯಾಡಿಸುತ್ತ ಬರೆದುಕೊಂಡಳು. ಒಂದಕ್ಷರವೂ ಅರ್ಥವಾಗುತ್ತಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು. ನಾನು ನಿಲ್ಲಿಸಲಿಲ್ಲ.