ಐವತ್ತು ಗ್ಯಾಲನ್

ಚೀಟಿಯ ಶಾಯಿ ಇನ್ನೂ ಹಸಿ, ಇನ್ನೂರ ಇಪ್ಪತ್ತೇಳು ಲೀಟರ್, ಏಳರ ಬಾಲ ಚೂರು ಹರಡಿದೆ, ಭಾವನ ಅಕ್ಷರ, ಮೂರು ವರ್ಷದ ಹಿಂದೆ ಅಪ್ಪನ ಕೈಗೆ ಕೊಟ್ಟ ಚೀಟಿಯಲ್ಲೂ ಇದೇ ಅಂಕಿ — ಬಣ್ಣ ತೆಳುಮಾಡೋ ತಿನ್ನರ್ ಐವತ್ತು ಗ್ಯಾಲನ್, ಗುಣಿಸು ನಾಲ್ಕೂವರೆ ಚಿಲ್ಲರೆ, ಮುಗೀತು, ಮೇಸ್ತ್ರಿ ಭಾವನ ಲೆಕ್ಕ ಅಷ್ಟೇ. ಬಣ್ಣದ ಸೂತ್ರ ಅಮೆರಿಕದ್ದು, ಅಲ್ಲಿನ ಗ್ಯಾಲನ್ ಚಿಕ್ಕದು, ಮೂರು ಮುಕ್ಕಾಲು ಲೀಟರಿಗೆ ಚೂರು ಹೆಚ್ಚು, ನಾಲ್ಕೂವರೆಯದು ಬ್ರಿಟಿಷರದ್ದು, ಐವತ್ತಕ್ಕೆ ನೂರ ಎಂಬತ್ತೊಂಬತ್ತು ಸಾಕು, ಮೂವತ್ತೆಂಟು ಲೀಟರ್ ಜಾಸ್ತಿ ಸುರಿದರೆ ಬಣ್ಣ ಗೋಡೆಗೆ ಹತ್ತದೆ ನೀರಿನ ಹಾಗೆ ಇಳಿಯುತ್ತೆ, ಇಳಿದಿತ್ತು, ಆಗ ಚೀಟಿ ಮಾಯ, ಮುದುಕರಿಗೆ ಕಣ್ಣು ಮಂಜು ಸರ್, ಅಳತೆ ತಪ್ಪಿದ್ದಾರೆ, ಅಂದುಬಿಟ್ಟ ಭಾವ, ಹೆಣ್ಣು ಕೊಟ್ಟ ಮಾವ ಅನ್ನೋದೂ ನೋಡದೆ, ಮ್ಯಾನೇಜರ್ ಎದುರಿಗೇ. ಮೂವತ್ತೊಂದು ವರ್ಷ ಕಾರ್ಖಾನೆಯ ಈ ಬಣ್ಣ ಬೆರೆಸೋ ರೂಮಲ್ಲಿ ಸವೆದ ಅಪ್ಪ ಏಪ್ರನ್ ಬಿಚ್ಚಿ, ಮಡಚಿ, ಮೇಜಿನ ಮೇಲಿಟ್ಟು ಹೊರಟರು, ನಾನು ಉರಿದುಬಿದ್ದೆ, ನಿಮ್ಮಕ್ಕನ ಸಂಸಾರ ಕಣೇ, ಬಾಯ್ಮುಚ್ಚು ಅಂದರು, ಮುಚ್ಚಿದೆ, ಇಲ್ಲೇ ಕೆಲಸಕ್ಕೆ ಸೇರಿದೆ, ಆ ಸೂತ್ರ ಮತ್ತೆ ಬರಲಿ ಅಂತ ಕಾದೆ, ಇವತ್ತು ಬಂತು. ಲೆಕ್ಕವೇ ತಪ್ಪು ಅಂತ ಇವನಿಗೆ ಇವತ್ತಿಗೂ ಗೊತ್ತಿಲ್ಲ, ಚೀಟಿ ಹರಿದವನು ಮತ್ತೆ ಯಾಕೆ ಗುಣಿಸಿ ನೋಡ್ತಾನೆ. ಸಹಿ ಹಾಕಿಕೊಡಿ ಭಾವ ಅಂದೆ, ಬೆಣ್ಣೆಯಂಥ ದನಿಯಲ್ಲಿ, ಹಾಕಿದ, ತಲೆ ಕೂಡ ಎತ್ತಲಿಲ್ಲ.

ನಲ್ಲಿ ತಿರುಗಿಸ್ತೀನಿ, ಮೀಟರಿನ ಮುಳ್ಳು ಏರುತ್ತೆ, ನೂರ ಎಂಬತ್ತು, ಎಂಬತ್ತೊಂಬತ್ತು, ಇಲ್ಲಿ ನಿಲ್ಲಿಸಬಹುದು, ಕೈ ನಲ್ಲಿಯ ಮೇಲೇ ಇದೆ, ಇನ್ನೂರು, ಇನ್ನೂರ ಹತ್ತು, ಸುರಿ, ಪೂರ್ತಿ ಸುರಿ — ಮಧ್ಯಾಹ್ನ ಮಾದರಿ ಹಲಗೆಗೆ ಬಳಿದ ಬಣ್ಣ ಅಳುವ ಮುಖದ ಹಾಗೆ ಇಳಿಯಿತು, ಯಾರ ಅಳತೆ ಇದು ಅಂದರು ಮ್ಯಾನೇಜರ್, ಭಾವನ ಬೆರಳು ನನ್ನ ಕಡೆಗೇ, ಗೊತ್ತಿತ್ತು, ಚೀಟಿ ತೆಗೆದೆ, ಬಿಡಿಸಿದೆ, ಸಹಿ ಕಾಣೋ ಹಾಗೆ ಮೇಜಿನ ಮೇಲಿಟ್ಟೆ, ಸೂತ್ರದ್ದು ಅಮೆರಿಕದ ಗ್ಯಾಲನ್ ಸರ್, ಭಾವ ಗುಣಿಸಿದ್ದು ಬ್ರಿಟಿಷರದ್ದು, ಆವತ್ತೂ ಇದೇ ತಪ್ಪು, ಅಪ್ಪಂದಲ್ಲ. ಭಾವನ ತುಟಿ ಒಣಗಿದೆ, ಗೊತ್ತಿದ್ದೂ ಸುರಿದ್ಯಾ ಅಂತಾನೆ, ಹೂಂ ಅಂದೆ, ಸಿಹಿ ಅನ್ನಿಸಬೇಕು, ಅನ್ನಿಸ್ತಿದೆ, ನಾಳೆಯಿಂದ ನೀವು ಬರೋದು ಬೇಡ ಅಂತ ಮ್ಯಾನೇಜರ್ ಅವನಿಗೆ ಹೇಳ್ತಿದ್ದಾರೆ, ಇನ್ನೂ ಜೋರಾಗಿ ಹೇಳಲಿ, ಅಪ್ಪನಿಗೆ ಮನೆತನಕ ಕೇಳಿಸಲಿ — ಕಿಟಕಿಯಾಚೆ ಗೇಟಿನ ಹತ್ತಿರ ಅಕ್ಕ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಊಟದ ಡಬ್ಬಿ ಎರಡು, ಒಂದು ಅವನಿಗೆ, ಒಂದು ನನಗೆ, ನನ್ನ ಕಂಡು ನಗ್ತಾಳೆ, ಕೈ ಎತ್ತಿ ತೋರಿಸ್ತಾಳೆ, ಎರಡು ಡಬ್ಬಿ, ಅಕ್ಕನ ಕೈ, ಎರಡು ಡಬ್ಬಿ